ರವಿವಾರದ ಬೆಳಗಿಗೆ ಇಡಿಜೋಳದ ದೋಸೆ

ವಾರದ ಆರು ದಿನ ಅವಸರದಲ್ಲಿ ಎರಡು ತುತ್ತು ತಿಂದು ಶಾಲೆ, ಕಚೇರಿ, ಅಂಗಡಿ, ಹೊಲಗಳಿಗೆ ಹೊರಡುವ ಕುಟುಂಬಗಳಿಗೆ ರವಿವಾರದ ಬೆಳಗೊಂದೇ ಬಿಡುವಿನ ಹೊತ್ತು. ಅಂದು ಬಹುತೇಕ ಮನೆಗಳಲ್ಲಿ ದೋಸೆಯಾಗುತ್ತದೆ. ದೋಸೆಯ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ. ಹಂಚಿನಿಂದ ನೇರವಾಗಿ ತಟ್ಟೆಗೆ ಬರುವ, ಬಿಸಿಬಿಸಿಯಾಗಿ ತುಪ್ಪದೊಡನೆ ಮನೆಮಂದಿಯೆಲ್ಲ ಕೂಡಿ ತಿನ್ನುವ ಆಹಾರ ಅದು. ಆಕ್ಷೇಪವಿರುವುದು ಅದರೊಳಗಿನ ಧಾನ್ಯಕ್ಕೆ ಬಂದ ಗತಿಯ ಬಗ್ಗೆ. ಪಾಲಿಶ್ ಮಾಡಿದ ಬಿಳಿ ಅಕ್ಕಿ, ಸಿಪ್ಪೆ ಕಳೆದ ಉದ್ದಿನಬೇಳೆ, ಅವಸರವಿದ್ದರೆ ಒಂದು ಚಿಟಿಕೆ ಸೋಡಾ. ಇಂದಿನ ದೋಸೆಹಿಟ್ಟಿನಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರುವುದಿಲ್ಲ.

ಜೋಳವನ್ನೇ ನಂಬಿ ಬದುಕಿದ ನಮ್ಮ ಸೀಮೆಯಲ್ಲಿಯೂ ಜೋಳವು ರೊಟ್ಟಿಗೆ ಮಾತ್ರ ಮೀಸಲು, ದೋಸೆಯೆಂದರೆ ಅಕ್ಕಿಯದೇ ಎಂಬ ಭಾವನೆ ಬೇರೂರಿದೆ. ಅಂತಹ ಕಟ್ಟುಪಾಡೇನೂ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಧೋಸಕ’ವೆಂಬ ತಿನಿಸಿನ ವಿವರವಿದೆ. ಅದು ಬೇಳೆಕಾಳುಗಳ ಹಿಟ್ಟಿನಿಂದ ಮಾಡುವಂಥದು. ದೋಸೆಗೆ ಬೇಕಾದುದು ನೆನೆದು, ನುಣ್ಣಗಾಗಿ, ಹಂಚಿನ ಮೇಲೆ ಹರಡಿಕೊಳ್ಳುವ ಹಿಟ್ಟೇ ಹೊರತು ಇಂಥದೇ ಧಾನ್ಯವೆಂದಲ್ಲ. ಜೋಳದ ಕಾಳನ್ನು ಇಡಿಯಾಗಿ ನೆನೆಯಿಸಿ, ರುಬ್ಬಿ ದೋಸೆ ಮಾಡುವ ಕ್ರಮವನ್ನೂ ಅದನ್ನು ಯಾರು ಎಷ್ಟು ತಿನ್ನಬೇಕೆಂಬುದನ್ನೂ ಈ ಸಂಚಿಕೆಯಲ್ಲಿ ವಿವರಿಸುತ್ತೇನೆ. ಎರಡನೆಯ ಮಾತು ಮೊದಲನೆಯದಕ್ಕಿಂತ ಮುಖ್ಯವಾದುದೆಂದು ಈಗಲೇ ಹೇಳಿಬಿಡುತ್ತೇನೆ.

ಇಡಿಧಾನ್ಯ ಎಂದರೇನು?

ಯಾವುದೇ ಧಾನ್ಯದ ಕಾಳಿನಲ್ಲಿ ಮೂರು ಭಾಗಗಳಿರುತ್ತವೆ. ಹೊರಗಿನ ಪದರ ತೌಡು. ನಾರಿನಂಶ, ಕಬ್ಬಿಣ ಮತ್ತು ಬಿ ಗುಂಪಿನ ಜೀವಸತ್ವಗಳ ಬಹುಪಾಲು ಅಲ್ಲಿದೆ. ಒಂದು ತುದಿಯಲ್ಲಿ ಅಂಕುರ. ಮುಂದೆ ಮೊಳಕೆಯಾಗಬೇಕಾದ ಆ ಚಿಕ್ಕ ಭಾಗದಲ್ಲಿ ಒಳ್ಳೆಯ ಜಿಡ್ಡಿನಂಶವಿರುತ್ತದೆ. ಉಳಿದುದೆಲ್ಲ ನಡುವಿನ ಪಿಷ್ಟ. ಮೂರೂ ಕೂಡಿದ್ದರೆ ಅದು ಇಡಿಧಾನ್ಯ. ಮೊದಲೆರಡನ್ನು ತೆಗೆದು ಮೂರನೆಯದನ್ನಷ್ಟೇ ಉಳಿಸಿದರೆ ಮೈದಾ, ಬಿಳಿ ಅಕ್ಕಿ ಮುಂತಾದವು ಸಿಗುತ್ತವೆ. ಗೋಧಿಯಿಂದ ಹೀಗೆ ತೆಗೆದ ಹೊರಪದರವೇ ಬೂಸಾ ಎಂಬ ಹೆಸರಿನಲ್ಲಿ ದನಗಳ ಬಾಯಿಗೆ ಹೋಗುತ್ತದೆ. ದನಗಳು ಪುಷ್ಟಿಯಾಗಿರುವುದು ಸುಮ್ಮನೆ ಅಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಪಟ್ಟಿಯಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ, ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದಂಶವಿದ್ದರೆ ಬಿಳಿ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಮುಟ್ಟುವುದಿಲ್ಲ. ಮಲಬದ್ಧತೆ, ಮೂಲವ್ಯಾಧಿ, ಮೈಭಾರ, ಮಧುಮೇಹ ಎಂದು ಬರುವ ರೋಗಿಗಳಿಗೆ ಔಷಧಿ ಬರೆಯುವ ಮೊದಲು ನಾನು ಅವರ ಮನೆಯ ಹಿಟ್ಟಿನ ಡಬ್ಬಿಯ ಬಗ್ಗೆ ಕೇಳುವುದು ಈ ಕಾರಣಕ್ಕಾಗಿ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನವಣೆ, ಸಾಮೆ, ಹಾರಕ, ಬರಗು, ಊದಲು ಇವುಗಳಿಗೆ ತಿನ್ನಲಾಗದ ಗಟ್ಟಿ ಹೊಟ್ಟು ಇರುತ್ತದೆ. ಯಂತ್ರದಲ್ಲಿ ಅದನ್ನು ತೆಗೆಯಲೇಬೇಕು. ತೆಗೆಯುವಾಗ ಕಾಳು ಬೆಳ್ಳಗೆ ಕಾಣಲೆಂದು ಒಳಗಿನ ತೌಡನ್ನೂ ಸವೆಸಿಬಿಡುವ ರೂಢಿ ಬಂದಿದೆ. ಹೊಳೆಯುವ ಬಿಳಿಯ ನವಣೆ ಅಕ್ಕಿಯನ್ನು ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವವರು ಇದನ್ನು ತಿಳಿದಿರಬೇಕು. ತೌಡು ಉಳಿದ ನವಣೆಗೆ ಮಾಸಲು ಹಳದಿ ಬಣ್ಣವಿರುತ್ತದೆ. ಜೋಳ, ಸಜ್ಜೆ, ರಾಗಿಗಳಿಗೆ ಈ ತೊಡಕು ಇಲ್ಲ. ಒಕ್ಕಿ ತೂರಿದ ಮೇಲೆ ಕಾಳು ಹೇಗಿದೆಯೋ ಹಾಗೆಯೇ ತಿನ್ನಲು ಯೋಗ್ಯ. 2023ನೆಯ ಇಸವಿಯನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಂದಿನಿಂದ ದೂರದ ಧಾನ್ಯಗಳನ್ನು ಹುಡುಕಿಕೊಂಡು ಹೋಗುವವರು ಹೆಚ್ಚಾಗಿದ್ದಾರೆ. ನಮ್ಮ ಹಗೇವಿನಲ್ಲಿದ್ದ ಜೋಳವೂ ಅದೇ ಬಳಗದ್ದೆಂಬುದು ಅವರಿಗೆ ಮರೆತುಹೋಗಿದೆ.

ಪೊಟ್ಟಣದೊಳಗಿನ ‘ಬಹುಧಾನ್ಯ’

ಇಷ್ಟೆಲ್ಲ ಶ್ರಮವೇಕೆ, ಬಹುಧಾನ್ಯ ದೋಸೆಯ ಹಿಟ್ಟು ಪೊಟ್ಟಣದಲ್ಲಿಯೇ ಸಿಗುತ್ತದಲ್ಲ ಎಂದು ಮಠಕ್ಕೆ ಬರುವ ತಾಯಂದಿರು ಕೇಳುತ್ತಾರೆ. ಪೊಟ್ಟಣವನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರಗಳನ್ನು ಓದಿರಿ ಎಂಬುದು ನನ್ನ ಉತ್ತರ. ನಮ್ಮ ದೇಶದ ಆಹಾರ ಕಾಯಿದೆಯಂತೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅಂದರೆ ಮೊದಲು ಬರೆದಿರುವುದು ಎಲ್ಲಕ್ಕಿಂತ ಹೆಚ್ಚು, ಕೊನೆಗೆ ಬರೆದಿರುವುದು ಎಲ್ಲಕ್ಕಿಂತ ಕಡಿಮೆ. ಭಕ್ತರೊಬ್ಬರು ತಂದು ತೋರಿಸಿದ ಪೊಟ್ಟಣದ ಮುಂಭಾಗದಲ್ಲಿ ಏಳು ಧಾನ್ಯಗಳ ಚಿತ್ರವಿತ್ತು. ಹಿಂಭಾಗದಲ್ಲಿ ಮೊದಲ ಹೆಸರು ಅಕ್ಕಿಹಿಟ್ಟು, ಎರಡನೆಯದು ಮೈದಾ. ಜೋಳ, ರಾಗಿ, ಸಜ್ಜೆಗಳು ಉಪ್ಪಿನ ನೆರೆಯಲ್ಲಿ ಎಲ್ಲೋ ಕೊನೆಗೆ ನಿಂತಿದ್ದವು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಏಳೂ ಧಾನ್ಯಗಳಿದ್ದವು, ಚಿತ್ರದಲ್ಲಿದ್ದಷ್ಟು ಇರಲಿಲ್ಲ ಅಷ್ಟೆ.

ತಯಾರಕರು ಹೀಗೆ ಮಾಡುವುದಕ್ಕೆ ಲಾಭದ ಆಸೆಯೊಂದೇ ಕಾರಣವಲ್ಲ. ಅಂಕುರದಲ್ಲಿ ಜಿಡ್ಡು ಇದೆಯೆಂದು ಮೇಲೆ ಹೇಳಿದೆನಷ್ಟೆ. ಕಾಳು ಇಡಿಯಾಗಿರುವವರೆಗೆ ಆ ಜಿಡ್ಡು ಭದ್ರವಾಗಿರುತ್ತದೆ. ಬೀಸಿದೊಡನೆ ಗಾಳಿ ತಾಗಿ ಕೆಡಲಾರಂಭಿಸುತ್ತದೆ. ಸಜ್ಜೆಯ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುವುದನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಆರು ತಿಂಗಳು ಅಂಗಡಿಯ ಕಪಾಟಿನಲ್ಲಿ ಕಮಟು ವಾಸನೆ ಬಾರದೆ ಇರಬೇಕಾದರೆ ಆ ಹಿಟ್ಟಿನಿಂದ ಬೇಗ ಕೆಡುವ ಭಾಗವನ್ನು ತೆಗೆದಿರಬೇಕಾಗುತ್ತದೆ. ಬೇಗ ಕೆಡುವ ಭಾಗವೇ ಸತ್ವವುಳ್ಳ ಭಾಗವೂ ಹೌದು. ಆದುದರಿಂದ ಇಡಿಧಾನ್ಯದ ದೋಸೆ ಬೇಕೆನ್ನುವವರು ಕಾಳಿನಿಂದಲೇ ಆರಂಭಿಸುವುದು ಕ್ಷೇಮ. ಕಾಳು ಕಣ್ಣಿಗೆ ಕಾಣುತ್ತದೆ. ಅದರಲ್ಲಿ ಏನನ್ನು ತೆಗೆದಿದ್ದಾರೆ, ಏನನ್ನು ಬೆರೆಸಿದ್ದಾರೆ ಎಂಬ ಸಂಶಯಕ್ಕೆ ಎಡೆಯಿಲ್ಲ.

ಶನಿವಾರದ ಸಿದ್ಧತೆ

ಹಿಂಗಾರಿ ಬಿಳಿಜೋಳ, ಅದರಲ್ಲಿಯೂ ಮಾಲದಂಡಿ ಸಿಕ್ಕರೆ ಉತ್ತಮ. ಕಾಳು ದಪ್ಪ, ರುಚಿ ಸಿಹಿ. ಹೊಸ ಜೋಳಕ್ಕಿಂತ ವರ್ಷ ತುಂಬಿದ ಜೋಳ ಲೇಸು. ಹೊಸ ಧಾನ್ಯವು ಗುರು, ಅಂದರೆ ಜೀರ್ಣಕ್ಕೆ ಭಾರ ಮತ್ತು ಕಫವನ್ನು ಹೆಚ್ಚಿಸುವಂಥದು. ವರ್ಷ ಹಳೆಯದಾದ ಧಾನ್ಯವು ಲಘು ಎಂದು ಆಯುರ್ವೇದ ಶಾಸ್ತ್ರ ಹೇಳುತ್ತದೆ. ಸುಗ್ಗಿಯ ಹೊಸ ಜೋಳದ ಮೇಲಿನ ಆಸೆ ಸಹಜವಾದುದು. ಆರೋಗ್ಯವಂತರು ತಿನ್ನಲಿ, ಮಧುಮೇಹಿಗಳೂ ಅಜೀರ್ಣದಿಂದ ಬಳಲುವವರೂ ಹಳೆಯದನ್ನೇ ಬಳಸಲಿ.

ನೀರು ತುಂಬಿದರೆ 200 ಮಿಲಿಲೀಟರ್ ಹಿಡಿಯುವ ಒಂದು ಬಟ್ಟಲನ್ನು ಅಳತೆಗೆ ಇಟ್ಟುಕೊಳ್ಳಿರಿ. ಎರಡು ಬಟ್ಟಲು ಜೋಳ, ಅರ್ಧ ಬಟ್ಟಲು ಸಿಪ್ಪೆಸಹಿತ ಕರಿಉದ್ದು, ಒಂದು ಚಮಚ ಮೆಂತ್ಯೆಕಾಳು ಸಾಕು. ಸಾಧಾರಣ ಗಾತ್ರದ 14 ದೋಸೆಗಳಾಗುತ್ತವೆ. ಜೋಳವನ್ನು ಹಸನು ಮಾಡಿ, ಮೂರು ನಾಲ್ಕು ನೀರಿನಲ್ಲಿ ತಿಕ್ಕಿ ತೊಳೆದು, ಶನಿವಾರ ಬೆಳಿಗ್ಗೆ ಎಂಟರ ಸುಮಾರಿಗೆ ನೆನೆಯಿಡಬೇಕು. ಜೋಳದ ಹೊರಪದರ ಗಟ್ಟಿಯಾದುದು. ಎಂಟರಿಂದ ಹತ್ತು ಗಂಟೆ ನೆನೆಯದಿದ್ದರೆ ರುಬ್ಬಿದ ಹಿಟ್ಟು ಮರಳಿನಂತಾಗುತ್ತದೆ. ಬೇಸಿಗೆಯಲ್ಲಿ ನಡುವೆ ಒಮ್ಮೆ ನೀರು ಬದಲಿಸಿರಿ. ಉದ್ದು ಮತ್ತು ಮೆಂತ್ಯೆಯನ್ನು ಬೇರೆ ಪಾತ್ರೆಯಲ್ಲಿ ಮಧ್ಯಾಹ್ನ ನೆನೆಯಿಟ್ಟರೆ ಸಾಕು.

ನೆನೆಯಿಡುವುದು ಕಾಳು ಮೆತ್ತಗಾಗಲೆಂದು ಮಾತ್ರವಲ್ಲ. ಇಡಿಧಾನ್ಯದ ಹೊರಪದರದಲ್ಲಿ ಫೈಟಿಕ್ ಆಮ್ಲವೆಂಬ ವಸ್ತುವಿದೆ. ಅದು ಧಾನ್ಯದಲ್ಲಿರುವ ಕಬ್ಬಿಣ, ಸತುವುಗಳನ್ನು ಬಿಗಿಯಾಗಿ ಹಿಡಿದುಕೊಂಡು ದೇಹಕ್ಕೆ ಬಿಟ್ಟುಕೊಡುವುದಿಲ್ಲ. ನೆನೆದ ಕಾಳಿನಲ್ಲಿ ಮೊಳಕೆಯ ಕ್ರಿಯೆ ಆರಂಭವಾದಂತೆ, ಮುಂದೆ ಹಿಟ್ಟು ಹುಳಿ ಬಂದಂತೆ, ಆ ಹಿಡಿತ ಸಡಿಲುತ್ತದೆ. ರಕ್ತಹೀನತೆಯುಳ್ಳ ಹೆಣ್ಣುಮಕ್ಕಳಿಗೆ ದಿಢೀರ್ ದೋಸೆಗಿಂತ ನೆನೆಯಿಸಿ ಹುದುಗಿಸಿದ ದೋಸೆ ಹೆಚ್ಚು ಉಪಯುಕ್ತವೆನ್ನಲು ಇದೇ ಕಾರಣ. ಕಾಳು ನೆನೆದ ನೀರನ್ನು ಚೆಲ್ಲಿ, ರುಬ್ಬಲು ಹೊಸ ನೀರು ಬಳಸಿರಿ.

ಸಂಜೆ ಮೊದಲು ಉದ್ದು, ಮೆಂತ್ಯೆಯನ್ನು ನುಣ್ಣಗೆ, ಹಗುರಾಗುವಂತೆ ರುಬ್ಬಬೇಕು. ಒಂದು ಹನಿ ಹಿಟ್ಟನ್ನು ನೀರಿಗೆ ಬಿಟ್ಟರೆ ತೇಲಬೇಕು; ಮುಳುಗಿದರೆ ಇನ್ನೂ ಆಗಿಲ್ಲವೆಂದು ತಿಳಿಯಿರಿ. ಉದ್ದಿನ ಪಾತ್ರ ಇಲ್ಲಿ ದೊಡ್ಡದು. ಗೋಧಿಯಲ್ಲಿರುವಂತಹ ಅಂಟು ಜೋಳದಲ್ಲಿಲ್ಲ. ರೊಟ್ಟಿಗೆ ಬಿಸಿನೀರು ಹಾಕಿ ನಾದುವುದು ಆ ಕೊರತೆಯನ್ನು ತುಂಬಲೆಂದೇ. ದೋಸೆಯಲ್ಲಿ ಆ ಕೆಲಸವನ್ನು ಉದ್ದಿನ ಲೋಳೆ ಮಾಡುತ್ತದೆ. ಹುಳಿ ಬರುವಾಗ ಏಳುವ ಗಾಳಿಯ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುವುದೂ ಅದೇ. ಸಿಪ್ಪೆಯಿರುವುದರಿಂದ ಹಿಟ್ಟಿನಲ್ಲಿ ಕಪ್ಪು ಚುಕ್ಕೆಗಳು ಕಾಣುತ್ತವೆ. ಮಕ್ಕಳು ಮೊದಲ ವಾರ ಮುಖ ಸಿಂಡರಿಸಬಹುದು, ಮೂರನೆಯ ವಾರದ ಹೊತ್ತಿಗೆ ಕೇಳುವುದನ್ನು ಬಿಡುತ್ತಾರೆ.

ಅನಂತರ ಜೋಳವನ್ನು ರುಬ್ಬಿರಿ. ಮಿಕ್ಸಿಯಲ್ಲಾದರೆ ಸ್ವಲ್ಪ ಸ್ವಲ್ಪವಾಗಿ, ತಣ್ಣೀರು ಹಾಕಿ ತಿರುವಬೇಕು; ಹಿಟ್ಟು ಬಿಸಿಯಾದರೆ ಹುಳಿ ಸರಿಯಾಗಿ ಬರುವುದಿಲ್ಲ. ಜೋಳವು ಬೆಣ್ಣೆಯಂತೆ ನುಣ್ಣಗಾಗಬೇಕಿಲ್ಲ. ಬೆರಳಿಗೆ ಸಣ್ಣ ರವೆಯಂತೆ ತಾಗುತ್ತಿರಲಿ. ಹಿಟ್ಟು ನುಣ್ಣಗಾದಷ್ಟೂ ಅದರ ಪಿಷ್ಟ ಬೇಗ ಕರಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಯಾವ ಕಾರಣಕ್ಕೂ ರುಬ್ಬಿದ ಹಿಟ್ಟನ್ನು ಬಟ್ಟೆಯಲ್ಲಿ ಸೋಸಬೇಡಿರಿ. ಸೋಸಿ ಚೆಲ್ಲುವುದಾದರೆ ಇಡಿಕಾಳನ್ನು ತಂದು ಪ್ರಯೋಜನವೇನು?

ಎರಡೂ ಹಿಟ್ಟನ್ನು ಕೈಯಿಂದಲೇ ಚೆನ್ನಾಗಿ ಕಲಸಿ, ಅರ್ಧದಷ್ಟು ಖಾಲಿಯಿರುವ ಪಾತ್ರೆಯಲ್ಲಿ ಮುಚ್ಚಿಡಿರಿ. ಕಾಳಿನೊಡನೆಯೇ ಬಂದಿರುವ, ಕಣ್ಣಿಗೆ ಕಾಣದ ಜೀವಾಣುಗಳು ರಾತ್ರಿಯಿಡೀ ಹಿಟ್ಟಿನಲ್ಲಿ ಬೆಳೆದು ಹುಳಿಯನ್ನೂ ಗಾಳಿಯನ್ನೂ ಹುಟ್ಟಿಸುತ್ತವೆ. ಉಪ್ಪು ಅವುಗಳ ವೇಗವನ್ನು ತಗ್ಗಿಸುತ್ತದೆ. ಆದುದರಿಂದ ಚಳಿಗಾಲದಲ್ಲಿ ಉಪ್ಪನ್ನು ಬೆಳಿಗ್ಗೆ ಹಾಕಿರಿ. ಕಲಬುರ್ಗಿ, ವಿಜಯಪುರದ ಬೇಸಿಗೆಯಲ್ಲಾದರೆ ರಾತ್ರಿಯೇ ಹಾಕಿರಿ, ರುಬ್ಬುವುದನ್ನೂ ಮಲಗುವ ಹೊತ್ತಿಗೆ ಇಟ್ಟುಕೊಳ್ಳಿರಿ. ಹಿಟ್ಟು ಉಬ್ಬಿ ತೆಳುವಾದ ಹುಳಿವಾಸನೆ ಬಂದರೆ ಸರಿ. ಮೂಗಿಗೆ ಚುಚ್ಚುವಷ್ಟು ಹುಳಿಯಾದರೆ ಅದು ಪಿತ್ತವನ್ನು ಕೆದಕುತ್ತದೆ.

ಹಿಟ್ಟು ಉಬ್ಬಲಿಲ್ಲವೆಂದು ಸೋಡಾ ಸುರಿಯುವ ಅಭ್ಯಾಸವನ್ನು ಬಿಡಬೇಕೆಂದು ನನ್ನ ಕಳಕಳಿಯ ವಿನಂತಿ. ಸೋಡಾ ಒಂದು ಕ್ಷಾರ. ಧಾನ್ಯದ ಹೊರಪದರದಲ್ಲಿರುವ ಬಿ1 ಜೀವಸತ್ವವನ್ನು ಕ್ಷಾರವು ನಾಶಮಾಡುತ್ತದೆ; ಅದರಲ್ಲಿರುವ ಸೋಡಿಯಂ ರಕ್ತದೊತ್ತಡದವರಿಗೆ ಉಪ್ಪಿನಷ್ಟೇ ಅಹಿತ. ಹಿಪ್ಪಲಿ, ಕ್ಷಾರ, ಉಪ್ಪು ಈ ಮೂರನ್ನು ಅತಿಯಾಗಿ ಬಳಸಕೂಡದೆಂದು ಚರಕಾಚಾರ್ಯರು ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿಯೇ ಎಚ್ಚರಿಸಿದ್ದಾರೆ.

ಹಂಚಿನ ಮೇಲೆ

ಬೀಡಿನ ಹಂಚು ಇದ್ದರೆ ಅದನ್ನೇ ಬಳಸಿರಿ. ನೀರು ಚಿಮುಕಿಸಿದರೆ ಹನಿಗಳು ಕುಣಿಯುವಷ್ಟು ಕಾಯಲಿ. ಅರ್ಧ ಹೆಚ್ಚಿದ ಉಳ್ಳಾಗಡ್ಡಿಯನ್ನು ಕುಸುಬೆ ಎಣ್ಣೆಯಲ್ಲಿ ಅದ್ದಿ ಹಂಚಿಗೆ ತಿಕ್ಕಿದರೆ ಎಣ್ಣೆಯೂ ಮಿತವಾಗುತ್ತದೆ, ದೋಸೆಯೂ ಹಿಡಿಯುವುದಿಲ್ಲ. ಜೋಳದ ಹಿಟ್ಟನ್ನು ಅಕ್ಕಿದೋಸೆಯಂತೆ ಕಾಗದದಷ್ಟು ತೆಳ್ಳಗೆ ಎಳೆಯಲು ಹೋಗಬೇಡಿರಿ, ಹರಿಯುತ್ತದೆ. ಒಂದು ಸೌಟು ಹೊಯ್ದು ಅಂಗೈ ಅಗಲಕ್ಕಿಂತ ತುಸು ದೊಡ್ಡದಾಗಿ ಹರಡಿ, ಉರಿ ತಗ್ಗಿಸಿ, ಮೇಲೆ ಮುಚ್ಚಳ ಮುಚ್ಚಿರಿ. ಮೇಲ್ಭಾಗ ಆರಿ, ಅಂಚು ತಾನೇ ಎದ್ದಾಗ ಮಗುಚಬೇಕು. ಇಡಿಧಾನ್ಯ ಬೇಯಲು ಬಿಳಿ ಅಕ್ಕಿಗಿಂತ ಹೆಚ್ಚು ಹೊತ್ತು ಬೇಕು. ಹಸಿಬಿಸಿಯಾಗಿ ತೆಗೆದ ದೋಸೆಯೇ ಆಮೇಲೆ ಹೊಟ್ಟೆಯುಬ್ಬರಕ್ಕೆ ಕಾರಣವಾಗುತ್ತದೆ, ದೂರು ಮಾತ್ರ ಜೋಳದ ಮೇಲೆ ಬರುತ್ತದೆ.

ಬೆಂದ ದೋಸೆಯ ಮೇಲೆ ಅರ್ಧ ಚಮಚ ಹಸುವಿನ ತುಪ್ಪ ಹಾಕಿರಿ. ಇದು ನಾಲಿಗೆಯ ಚಾಪಲ್ಯಕ್ಕಲ್ಲ. ಜೋಳವು ರೂಕ್ಷ ಗುಣದ್ದು. ಒಣಗಿಸುವ, ವಾತವನ್ನು ಹೆಚ್ಚಿಸುವ ಸ್ವಭಾವ ಅದಕ್ಕಿದೆ. ಆಹಾರವು ಬಿಸಿಯಾಗಿರಲಿ, ಸ್ನಿಗ್ಧವಾಗಿರಲಿ, ಮಿತವಾಗಿರಲಿ, ಹಿಂದಿನ ಊಟ ಅರಗಿದ ಮೇಲೆ ಇರಲಿ ಎಂದು ಶಾಸ್ತ್ರವು ಹೇಳಿದ ನಿಯಮಗಳಲ್ಲಿ ಎರಡನೆಯದನ್ನು ಪೂರೈಸುವುದು ಈ ತುಪ್ಪ. ಜೊತೆಗೆ ಅಗಸೆ ಹಿಂಡಿ, ಗುರೆಳ್ಳು ಹಿಂಡಿ, ಮೆಂತ್ಯೆ ಸೊಪ್ಪಿನ ಪಲ್ಯ, ಮಡಿಕೆಕಾಳಿನ ಪಲ್ಯ ಚೆನ್ನಾಗಿ ಹೊಂದುತ್ತವೆ. ಆಲೂಗಡ್ಡೆಯ ಪಲ್ಯ ಬೇಡ. ಪಿಷ್ಟದೊಳಗೆ ಇನ್ನೊಂದು ಪಿಷ್ಟವನ್ನು ಮಡಚಿ ತಿನ್ನುವುದರಲ್ಲಿ ಅರ್ಥವಿಲ್ಲ.

ಸಕ್ಕರೆ ಕಾಯಿಲೆಯವರ ತಟ್ಟೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿವೃತ್ತರಾದ ಹಿರಿಯರೊಬ್ಬರು ಕಾಲಿನ ಹೆಬ್ಬೆರಳಿನ ಗಾಯ ಎರಡು ತಿಂಗಳಾದರೂ ಮಾಯುತ್ತಿಲ್ಲವೆಂದು ನನ್ನಲ್ಲಿಗೆ ಬಂದರು. ಮಧುಮೇಹಕ್ಕೆ ಹತ್ತು ವರ್ಷಗಳಿಂದ ಮಾತ್ರೆ ನುಂಗುತ್ತಿದ್ದವರು, ಸಿರಿಧಾನ್ಯ ತಿನ್ನುವವರಿಗೆ ಮಾತ್ರೆ ಬೇಡವೆಂದು ಯಾರದೋ ಭಾಷಣದಲ್ಲಿ ಕೇಳಿ, ತಾವಾಗಿಯೇ ನಿಲ್ಲಿಸಿಬಿಟ್ಟಿದ್ದರು. ಬೆಳಿಗ್ಗೆ ಆರೇಳು ಜೋಳದ ದೋಸೆ, ಮಧ್ಯಾಹ್ನ ನವಣೆಯ ಅನ್ನ ಹೊಟ್ಟೆತುಂಬ. ಬರಿಹೊಟ್ಟೆಯಲ್ಲಿಯೇ ಸಕ್ಕರೆಯ ಪ್ರಮಾಣ 250 ದಾಟಿತ್ತು. “ಅಕ್ಕಿ ಮುಟ್ಟಿಲ್ಲ ಡಾಕ್ಟರೇ, ಎಲ್ಲಾ ಸಿರಿಧಾನ್ಯವೇ” ಎಂದರು. ಮಾತ್ರೆಯನ್ನು ಮರುದಿನವೇ ಆರಂಭಿಸುವಂತೆ ಮಾಡಿ, ಗಾಯಕ್ಕಾಗಿ ಶಸ್ತ್ರವೈದ್ಯರಲ್ಲಿಗೆ ಕಳುಹಿಸಿದೆ. ಬೆರಳು ಉಳಿಯಿತು. ಇನ್ನೊಂದು ತಿಂಗಳು ತಡವಾಗಿದ್ದರೆ ಉಳಿಯುತ್ತಿರಲಿಲ್ಲ.

ಜೋಳವೂ ಪಿಷ್ಟವೇ. ಅದರ ತೂಕದ ಮೂರರಲ್ಲಿ ಎರಡು ಪಾಲು ಪಿಷ್ಟವಿರುತ್ತದೆ. ನಾರಿನಂಶವಿರುವುದರಿಂದ ಆ ಪಿಷ್ಟ ನಿಧಾನವಾಗಿ ರಕ್ತ ಸೇರುತ್ತದೆ, ಸೇರದೆ ಇರುವುದಿಲ್ಲ. ಮೇಲೆ ಹೇಳಿದ ಅಳತೆಯಲ್ಲಿ 14 ದೋಸೆಗಳಾದರೆ ಒಂದೊಂದರಲ್ಲಿ ಸುಮಾರು 17 ಗ್ರಾಂ ಪಿಷ್ಟ ಇರುತ್ತದೆ. 50 ಗ್ರಾಂ ಹಿಟ್ಟಿನಿಂದ ತಟ್ಟಿದ ಒಂದು ಜೋಳದ ರೊಟ್ಟಿಯಲ್ಲಿ ಅದರ ಇಮ್ಮಡಿ ಇರುತ್ತದೆ. ಎರಡು ದೋಸೆಯೆಂದರೆ ಒಂದು ರೊಟ್ಟಿ ಎಂದು ಲೆಕ್ಕವಿಟ್ಟುಕೊಂಡರೆ ತಪ್ಪುವುದಿಲ್ಲ. ಬೆಳಿಗ್ಗೆ ಒಂದು ರೊಟ್ಟಿ ತಿನ್ನುವ ಮಧುಮೇಹಿಗೆ ಎರಡು ದೋಸೆ, ಅದರ ಇಮ್ಮಡಿ ಪಲ್ಯ, ಒಂದು ಬಟ್ಟಲು ಮಜ್ಜಿಗೆ ಸಾಕು. ಅದೇ ಹೊತ್ತಿಗೆ ಅವಲಕ್ಕಿ, ಸಿಹಿ ಚಹಾ, ಬಾಳೆಹಣ್ಣು ಸೇರಬಾರದು. ಮನೆಯಲ್ಲಿ ಸಕ್ಕರೆ ಅಳೆಯುವ ಯಂತ್ರವಿದ್ದರೆ ಮೊದಲ ತುತ್ತಿನಿಂದ ಎರಡು ಗಂಟೆಯ ನಂತರ ಅಳೆದು ನೋಡಿರಿ. ಅಕ್ಕಿದೋಸೆ ತಿಂದ ಒಂದು ರವಿವಾರ, ಜೋಳದ ದೋಸೆ ತಿಂದ ಇನ್ನೊಂದು ರವಿವಾರ ಅಳೆದು ಬರೆದಿಟ್ಟರೆ ನಿಮ್ಮ ದೇಹದ ಮಟ್ಟಿಗೆ ಅಂತರವೆಷ್ಟೆಂದು ನಿಮಗೇ ತಿಳಿಯುತ್ತದೆ. ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣವನ್ನು ಬದಲಿಸುವವರು ನಿಮ್ಮ ವೈದ್ಯರು, ದೋಸೆಯಲ್ಲ.

ಚರಕಸಂಹಿತೆಯ ಪ್ರಮೇಹ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಪ್ರಾಮುಖ್ಯ ಪಡೆದಿರುವ ಆಹಾರ ಯವ, ಅಂದರೆ ಜವೆಗೋಧಿ. ಇಚ್ಛೆಯುಳ್ಳವರು ಎರಡು ಬಟ್ಟಲು ಜೋಳದಲ್ಲಿ ಅರ್ಧ ಬಟ್ಟಲನ್ನು ತೆಗೆದು ಅಷ್ಟೇ ಜವೆಗೋಧಿಯನ್ನು ನೆನೆಯಿಸಿ ಸೇರಿಸಬಹುದು. ದೋಸೆ ಸ್ವಲ್ಪ ಅಂಟಂಟಾಗುತ್ತದೆ, ರುಚಿ ಕೆಡುವುದಿಲ್ಲ.

ಇಷ್ಟು ಕಟ್ಟುನಿಟ್ಟು ಹೇಳಿದ ಮೇಲೂ ಈ ದೋಸೆಯನ್ನು ಮಧುಮೇಹಿಗಳಿರುವ ಮನೆಗೆ ನಾನು ಶಿಫಾರಸು ಮಾಡುವುದಕ್ಕೆ ಇನ್ನೊಂದು ಕಾರಣವಿದೆ. ಮನೆಮಂದಿಯೆಲ್ಲ ಮಸಾಲೆದೋಸೆ ತಿನ್ನುವಾಗ ಮನೆಯ ಹಿರಿಯರೊಬ್ಬರು ಮೂಲೆಯಲ್ಲಿ ಕುಳಿತು ನಿನ್ನೆಯ ಕಟಿರೊಟ್ಟಿ ಮುರಿಯುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಪಥ್ಯವು ಶಿಕ್ಷೆಯಂತಾದಾಗ ಅದು ಮುರಿಯುತ್ತದೆ. ಸಂಜೆ ಅದೇ ಹಿರಿಯರು ಯಾರಿಗೂ ಹೇಳದೆ ಅಂಗಡಿಯಲ್ಲಿ ಮಿರ್ಚಿ ತಿನ್ನುತ್ತಾರೆ. ಎಲ್ಲರಿಗೂ ಒಂದೇ ಹಿಟ್ಟು, ಒಂದೇ ಹಂಚು, ಒಂದೇ ಪಂಕ್ತಿಯಾದರೆ ವ್ಯತ್ಯಾಸ ಉಳಿಯುವುದು ದೋಸೆಯ ಎಣಿಕೆಯಲ್ಲಿ ಮಾತ್ರ.

ಯಾರ ಹೊಟ್ಟೆಗೆ ಹೇಗೆ?

ಒಬ್ಬರಿಗೆ ಹಿತವಾದುದು ಎಲ್ಲರಿಗೂ ಹಿತವಲ್ಲ. ಎದೆಯುರಿ, ಹುಳಿತೇಗು ಇರುವ ಆಮ್ಲಪಿತ್ತದವರು ರಾತ್ರಿಯಿಡೀ ಹುಳಿ ಬಂದ ಹಿಟ್ಟನ್ನು ತಿನ್ನದಿರುವುದು ಲೇಸು. ಅವರು ಉದ್ದನ್ನು ಕೈಬಿಟ್ಟು ಸಿಪ್ಪೆಸಹಿತ ಹೆಸರುಕಾಳು ಹಾಕಲಿ. ಜೋಳವನ್ನು ಶನಿವಾರ ರಾತ್ರಿ ನೆನೆಯಿಟ್ಟು, ಮುಂಜಾನೆ ರುಬ್ಬಿ, ಜೀರಿಗೆ ಸೇರಿಸಿ ಆಗಲೇ ಹೊಯ್ಯಲಿ. ದ್ವಿದಳ ಧಾನ್ಯಗಳಲ್ಲಿ ಹೆಸರನ್ನು ಅತ್ಯಂತ ಹಿತವಾದುದೆಂದೂ ಉದ್ದನ್ನು ಅತ್ಯಂತ ಅಹಿತವಾದುದೆಂದೂ ಚರಕರು ಎಣಿಸಿದ್ದಾರೆ. ಉದ್ದು ವಾತವನ್ನು ಶಮನಗೊಳಿಸುತ್ತದೆ, ಬಲ ಕೊಡುತ್ತದೆ; ಆದರೆ ಗುರುವಾದುದು. ಜೀರ್ಣಾಗ್ನಿ ಪ್ರಬಲವಾಗಿರುವ ಚಳಿಗಾಲದಲ್ಲಿ ಅದು ಅರಗುತ್ತದೆ. ಅಗ್ನಿ ಕುಂದುವ ಮಳೆಗಾಲದಲ್ಲಿ ಉದ್ದಿನ ಅಳತೆಯನ್ನು ಅರ್ಧಕ್ಕಿಳಿಸಿ, ಹಿಟ್ಟಿಗೆ ಹಸಿಶುಂಠಿ, ಜೀರಿಗೆ, ಚಿಟಿಕೆ ಇಂಗು ಸೇರಿಸಿರಿ.

ಇದುವರೆಗೆ ಬಿಳಿ ಅಕ್ಕಿಯಲ್ಲಿಯೇ ಇದ್ದವರು ಒಮ್ಮೆಲೆ ಇಡಿಧಾನ್ಯಕ್ಕೆ ಹಾರಿದರೆ ಮೊದಮೊದಲು ಹೊಟ್ಟೆ ಗುಡುಗುಡಿಸುತ್ತದೆ. ಮೊದಲ ಒಂದೆರಡು ವಾರ ಜೋಳದ ಅರ್ಧದಷ್ಟನ್ನು ಅಕ್ಕಿಯಾಗಿಯೇ ಉಳಿಸಿಕೊಂಡು ಕ್ರಮೇಣ ಕಡಿಮೆ ಮಾಡಿರಿ, ನೀರನ್ನು ಹೆಚ್ಚಾಗಿ ಕುಡಿಯಿರಿ. ಥೈರಾಯ್ಡ್ ತೊಂದರೆಯುಳ್ಳವರು ಸಜ್ಜೆಯನ್ನು ನಿತ್ಯದ ಆಹಾರವಾಗಿ ಮಾಡಿಕೊಳ್ಳಬಾರದು. ಮೂತ್ರಪಿಂಡದ ಕಾಯಿಲೆಯವರಿಗೆ ಇಡಿಧಾನ್ಯ, ಉದ್ದು ಎರಡರಲ್ಲಿಯೂ ಇರುವ ಪೊಟ್ಯಾಸಿಯಂ, ರಂಜಕಗಳು ಭಾರವಾಗಬಹುದು. ಅವರು ತಮ್ಮ ವೈದ್ಯರನ್ನು ಕೇಳದೆ ಈ ಬದಲಾವಣೆ ಮಾಡಕೂಡದು.

ಮಕ್ಕಳಿಗೆ ಸಿಹಿ ಬೇಕೆಂದಾಗ ಗೋಧಿಯ ದೋಸೆ ಸುಲಭ. ಗಿರಣಿಯಲ್ಲಿ ಬೀಸಿಸಿ ಜರಡಿ ಹಿಡಿಯದ ಒಂದು ಬಟ್ಟಲು ಗೋಧಿಹಿಟ್ಟಿಗೆ ಕಾಲು ಬಟ್ಟಲು ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೋಸಿ ಸೇರಿಸಿರಿ. ಏಲಕ್ಕಿ ಹಾಕಿ, ಗಂಟಿಲ್ಲದಂತೆ ಕಲಸಿ 20 ನಿಮಿಷ ಬಿಡಿರಿ. ಇಡಿಹಿಟ್ಟಿನ ತೌಡು ನೀರು ಹೀರಲು ಅಷ್ಟು ಹೊತ್ತು ಬೇಕು. ಒಡನೆಯೇ ಹೊಯ್ದರೆ ದೋಸೆ ಒರಟಾಗುತ್ತದೆ. ಈಗೀಗ ಚಿತ್ರಗಳಲ್ಲಿ ನೋಡಿ ಬಾಳೆಹಣ್ಣು, ಮೊಸರುಗಳನ್ನು ಹಿಟ್ಟಿಗೆ ಕಿವುಚಿ, ಬಿಸಿ ದೋಸೆಯ ಮೇಲೆ ಜೇನು ಸುರಿಯುವ ಪದ್ಧತಿ ನಗರಗಳಿಂದ ನಮ್ಮಲ್ಲಿಗೂ ಬಂದಿದೆ. ಬಾಳೆಹಣ್ಣು ಮೊಸರು ಅಥವಾ ಮಜ್ಜಿಗೆಯೊಡನೆ ವಿರುದ್ಧಾಹಾರವೆಂದು ಅಷ್ಟಾಂಗಹೃದಯ ಹೇಳುತ್ತದೆ. ಜೇನನ್ನು ಬಿಸಿ ಮಾಡುವುದನ್ನೂ ಬಿಸಿ ಪದಾರ್ಥದೊಡನೆ ಸೇವಿಸುವುದನ್ನೂ ನಮ್ಮ ಆಚಾರ್ಯರು ಒಕ್ಕೊರಲಿನಿಂದ ನಿಷೇಧಿಸಿದ್ದಾರೆ. ಬೆಲ್ಲ, ತುಪ್ಪಗಳಿರುವಾಗ ಆ ಗೊಡವೆ ಏಕೆ?

ರವಿವಾರ ಉಳಿದ ಜೋಳದ ಹಿಟ್ಟನ್ನು ತಂಪುಪೆಟ್ಟಿಗೆಯಲ್ಲಿ ಒಂದು ದಿನ ಇಡಬಹುದು. ಸೋಮವಾರ ಸಂಜೆ ಅದಕ್ಕೆ ಹೆಚ್ಚಿದ ಉಳ್ಳಾಗಡ್ಡಿ, ಕರಿಬೇವು, ಕೊತ್ತಂಬರಿ, ತುರಿದ ಗಜ್ಜರಿ ಹಾಕಿ ಗುಳಿಹಂಚಿನಲ್ಲಿ ಪಡ್ಡು ಮಾಡಿದರೆ ಶಾಲೆಯಿಂದ ಬಂದ ಮಕ್ಕಳಿಗೆ ಆಗುತ್ತದೆ. ಮೂರನೆಯ ದಿನಕ್ಕೆ ಅದನ್ನು ಇಡಬೇಡಿರಿ. ಅಷ್ಟು ಹುಳಿ ಬಂದ ಹಿಟ್ಟು ದನದ ಕಲಗಚ್ಚಿಗೆ ಹೋಗಲಿ.